ಒಳಗಿನಿಂದ ಅಗುಳಿ, ಹೊರಗಿನಿಂದ ಚಿಲಕ: ರಷ್ಯಾದ ಇಂಟರ್ನೆಟ್ ಮುಚ್ಚಿಕೊಂಡ ಬಗೆ

2025ರ ಜೂನ್‌ನಲ್ಲಿ ರಷ್ಯಾದ ಇಂಟರ್ನೆಟ್‌ಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು. ವೆಬ್‌ಸೈಟಿನ ವಿಳಾಸ ಕೊಟ್ಟರೆ ಪುಟ ಬರಲು ಶುರುವಾಗುತ್ತದೆ, ತಲೆಬರಹವೂ ಕಾಣುತ್ತದೆ, ಆಮೇಲೆ ಅಲ್ಲೇ ನಿಂತುಬಿಡುತ್ತದೆ. ‘ನಿರ್ಬಂಧಿಸಲಾಗಿದೆ’ ಎಂಬ ಫಲಕವಿಲ್ಲ, ದೋಷದ ಸಂದೇಶವಿಲ್ಲ, ಚಕ್ರ ಮಾತ್ರ ಸುತ್ತುತ್ತಿರುತ್ತದೆ. ಬೇರೆಯವರ ವೆಬ್‌ಸೈಟ್‌ಗಳನ್ನು ಬಳಕೆದಾರರಿಗೆ ತಲುಪಿಸಿಕೊಡುವ ಕ್ಲೌಡ್‌ಫ್ಲೇರ್ ಕಂಪನಿ ಅಳೆದು ನೋಡಿ ಕಾರಣ ಹೇಳಿತು: ಜೂನ್ 9ರಿಂದ ತನ್ನ ಸರ್ವರ್‌ಗಳ ಮೂಲಕ ರಷ್ಯಾದ ಬಳಕೆದಾರರಿಗೆ ಹೋಗುವ ಯಾವ ಕಡತವಾದರೂ ಮೊದಲ 16 ಕಿಲೋಬೈಟ್‌ನಷ್ಟು ಮಾತ್ರ ತಲುಪುತ್ತಿದೆ, ಉಳಿದದ್ದು ದಾರಿಯಲ್ಲೇ ಮಾಯವಾಗುತ್ತಿದೆ.

16 ಕಿಲೋಬೈಟ್ ಅಂದರೆ ಎಷ್ಟು? ಕನ್ನಡದ ಒಂದು ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ಕುಗ್ಗಿಸದೆ ಕಳಿಸಿದರೆ ಬರೀ ಅಕ್ಷರಗಳೇ ಆದರೂ ಸುಮಾರು 5,400 ಚಿಹ್ನೆಗೆ ಆಟ ಮುಗಿಯಿತು. ಈ ಲೇಖನವೂ ಕೊನೆ ಮುಟ್ಟುತ್ತಿರಲಿಲ್ಲ. ಫೋನಿನಲ್ಲಿ ತೆಗೆದ ಒಂದು ಫೋಟೋಗೆ ಇದರ ನೂರಾರು ಪಟ್ಟು ಜಾಗ ಬೇಕು. ಪೂರ್ತಿ ಮುಚ್ಚಿದರೆ ಮುಚ್ಚಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ಅರ್ಧ ತೆರೆದು ನಿಲ್ಲಿಸಿದರೆ ಜನ ಮೊದಲು ಮನೆಯ ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಆಮೇಲೆ ಕೇಬಲ್‌ನವನಿಗೆ ಫೋನ್ ಮಾಡುತ್ತಾರೆ, ಕೊನೆಗೆ ಆ ವೆಬ್‌ಸೈಟೇ ಸರಿಯಿಲ್ಲ ಎಂದು ಸುಮ್ಮನಾಗುತ್ತಾರೆ. ಇಂದಿನ ರಷ್ಯಾದ ಸೆನ್ಸಾರ್‌ಶಿಪ್ ಬಹುಪಾಲು ಈ ಲೆಕ್ಕಾಚಾರದ ಮೇಲೆ ನಿಂತಿದೆ.

ಇದನ್ನು ಕಟ್ಟಿದ್ದು ಪುಟಿನ್ ಸರ್ಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಯುದ್ಧದ ನಂತರ ಪಾಶ್ಚಾತ್ಯ ಸರ್ಕಾರಗಳು ಮತ್ತು ಕಂಪನಿಗಳು ಸಿಟ್ಟಿನಲ್ಲೋ ಭಯದಲ್ಲೋ ಮಾಡಿದ ಕೆಲವು ಕೆಲಸಗಳು, ಒಳಗಿನಿಂದ ಅಗುಳಿ ಹಾಕಿದ್ದ ಬಾಗಿಲಿಗೆ ಹೊರಗಿನಿಂದ ಚಿಲಕವನ್ನೂ ಹಾಕಿದವು. ಇವೆರಡನ್ನು ಒಟ್ಟಿಗೆ ನೋಡದೆ ಅಲ್ಲಿನ ಸ್ಥಿತಿ ಅರ್ಥವಾಗುವುದಿಲ್ಲ.

ಮೊದಲು ಅಗುಳಿಯ ಕಥೆ. 2018ರ ಏಪ್ರಿಲ್ 16ರಂದು ರಷ್ಯಾದ ಸಂವಹನ ನಿಯಂತ್ರಣ ಸಂಸ್ಥೆ ರೊಸ್ಕೊಮ್‌ನಾದ್ಸೊರ್ ಟೆಲಿಗ್ರಾಂ ತಡೆಯಲು ಹೊರಟಿತು. ಆಗ ಅದರ ಕೈಲಿದ್ದದ್ದು ಒಂದು ಪಟ್ಟಿ ಮಾತ್ರ. ತಡೆಯಬೇಕಾದ ಐಪಿ ವಿಳಾಸಗಳನ್ನು ಅದು ಪಟ್ಟಿಗೆ ಸೇರಿಸುತ್ತಿತ್ತು, ಇಂಟರ್ನೆಟ್ ಕಂಪನಿಗಳು ಪಾಲಿಸಬೇಕಿತ್ತು. ಟೆಲಿಗ್ರಾಂ ಅಮೆಜಾನ್ ಮತ್ತು ಗೂಗಲ್‌ನ ಕ್ಲೌಡ್ ವಿಳಾಸಗಳಿಗೆ ಹಾರಿತು. ರೊಸ್ಕೊಮ್‌ನಾದ್ಸೊರ್ ಬೆನ್ನಟ್ಟಿ ಆ ವಿಳಾಸಗಳನ್ನು ಸಗಟಾಗಿ ತಡೆಯಿತು, ಒಂದು ಹಂತದಲ್ಲಿ ಸುಮಾರು 1.8 ಕೋಟಿ. ಅದೇ ಕ್ಲೌಡ್‌ನಲ್ಲಿ ಬಾಡಿಗೆಗಿದ್ದ ಅಂಗಡಿ, ಕಚೇರಿ, ಆಟದ ಸರ್ವರ್‌ಗಳೆಲ್ಲ ಮಲಗಿದವು. ಟೆಲಿಗ್ರಾಂ ಮಾತ್ರ ನಡೆಯುತ್ತಲೇ ಇತ್ತು. ಎರಡು ವರ್ಷ ಈ ಫಜೀತಿ ಅನುಭವಿಸಿ 2020ರ ಜೂನ್ 18ರಂದು ನಿಷೇಧ ತೆಗೆದರು.

ವಿಳಾಸ ತಡೆದರೆ ಸಾಲದು, ಹಾದುಹೋಗುವ ದತ್ತಾಂಶವನ್ನೇ ತೆರೆದು ನೋಡಬೇಕು, ಮತ್ತು ಆ ಕೆಲಸವನ್ನು ಇಂಟರ್ನೆಟ್ ಕಂಪನಿಗಳ ಕೈಗೆ ಬಿಡಬಾರದು ಎಂಬುದು ಮಾಸ್ಕೋ ಕಲಿತ ಪಾಠ. 2019ರ ಮೇ 1ರಂದು ಪುಟಿನ್ ಸಹಿ ಹಾಕಿದ, ನವೆಂಬರ್ 1ರಿಂದ ಜಾರಿಯಾದ ‘ಸಾರ್ವಭೌಮ ಇಂಟರ್ನೆಟ್’ ಕಾಯ್ದೆ ಇದಕ್ಕೇ ಬಂದದ್ದು. ಅದರಡಿ ಪ್ರತಿ ಕಂಪನಿಯ ಜಾಲದೊಳಗೂ ಸರ್ಕಾರದ ಒಂದು ಪೆಟ್ಟಿಗೆ ಕೂರುತ್ತದೆ. ಹೆಸರು ಟಿಎಸ್‌ಪಿಯು, ಅಂದರೆ ‘ಬೆದರಿಕೆಗಳನ್ನು ಎದುರಿಸುವ ತಾಂತ್ರಿಕ ಸಾಧನ’. ಪೆಟ್ಟಿಗೆ ಇರುವುದು ಕಂಪನಿಯ ಕಟ್ಟಡದಲ್ಲಿ, ಕರೆಂಟು ಕಂಪನಿಯದು, ಬೀಗದ ಕೈ ಮಾತ್ರ ಮಾಸ್ಕೋದ ನಿಯಂತ್ರಣ ಕೇಂದ್ರದ ಬಳಿ. ಯಾವ ಹೊತ್ತಿಗೆ ಯಾವುದನ್ನು ತಡೆಯಲಾಗಿದೆ ಎಂದು ಕಂಪನಿಯವರಿಗೂ ಗೊತ್ತಾಗುವುದಿಲ್ಲ. ಗ್ರಾಹಕ ಫೋನ್ ಮಾಡಿ ಬೈದಾಗ ‘ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ’ ಎಂದು ಅವರು ಹೇಳಿದರೆ ಅದು ಸುಳ್ಳೇನಲ್ಲ.

ಚೀನಾ ತನ್ನ ಸೋಸುವಿಕೆಯನ್ನು ಬಹುಮಟ್ಟಿಗೆ ದೇಶದ ಹೊರಬಾಗಿಲುಗಳಲ್ಲಿ ಮಾಡುತ್ತದೆ. ಅಲ್ಲಿ ಜಾಲ ಬೆಳೆಯುವಾಗಲೇ ಹೊರಬಾಗಿಲು ಕೆಲವೇ ಕೆಲವು ಇದ್ದವು. ರಷ್ಯಾದಲ್ಲಿ ಸಾವಿರಾರು ಸಣ್ಣಪುಟ್ಟ ಕಂಪನಿಗಳು ತಮಗೆ ಬೇಕಾದ ದಾರಿ ಹಿಡಿದು ಯುರೋಪಿಗೆ ತಂತಿ ಎಳೆದುಕೊಂಡಿದ್ದವು. ಗಡಿಯಲ್ಲಿ ನಿಂತು ಕಾಯುವುದು ಆಗದ ಮಾತು. ಹಾಗಾಗಿ ಪೆಟ್ಟಿಗೆಗಳನ್ನು ಬಳಕೆದಾರನ ಮನೆಗೆ ಹತ್ತಿರದಲ್ಲೇ ಇಟ್ಟರು. ಒಂದೇ ಊರಿನಲ್ಲಿ ಮೊಬೈಲ್‌ನಲ್ಲಿ ತೆರೆಯದ ಪುಟ ಪಕ್ಕದ ಮನೆಯ ವೈಫೈನಲ್ಲಿ ತೆರೆಯುವುದು ಇದರಿಂದಲೇ.

ಪೆಟ್ಟಿಗೆ ಏನನ್ನು ಓದುತ್ತದೆ? ಬ್ರೌಸರ್ ಮತ್ತು ವೆಬ್‌ಸೈಟ್ ನಡುವಿನ ಮಾತುಕತೆ ಈಗ ಗೂಢಲಿಪಿಯಲ್ಲೇ ಇರುತ್ತದೆ. ಆದರೆ ಗೂಢಲಿಪಿ ಒಪ್ಪಂದವಾಗುವ ಮುನ್ನ ಬ್ರೌಸರ್ ಕಳಿಸುವ ದತ್ತಾಂಶದ ಮೊದಲ ಪೊಟ್ಟಣದಲ್ಲಿ (ಪ್ಯಾಕೆಟ್) ‘ನನಗೆ ಇಂಥ ತಾಣ ಬೇಕು’ ಎಂಬ ಹೆಸರು ಬಹಿರಂಗವಾಗಿಯೇ ಹೋಗುತ್ತದೆ. ಎಸ್‌ಎನ್‌ಐ ಎನ್ನುವುದು ಇದನ್ನೇ. ಪೆಟ್ಟಿಗೆಗೆ ಇಷ್ಟು ಸಾಕು. ಹೆಸರು ಕಂಡ ಕೂಡಲೇ ಸಂಪರ್ಕ ಕಡಿಯಬಹುದು, ಮುಂದಿನ ಪೊಟ್ಟಣಗಳನ್ನು ಸದ್ದಿಲ್ಲದೆ ಎಸೆಯಬಹುದು, ಇಲ್ಲವೇ ವೇಗ ಇಳಿಸಬಹುದು.

ವೇಗ ಇಳಿಸುವ ಮೊದಲ ದೊಡ್ಡ ಪ್ರಯೋಗ 2021ರ ಮಾರ್ಚ್ 10ರಂದು ಟ್ವಿಟರ್ ಮೇಲೆ ನಡೆಯಿತು. ವೇಗವನ್ನು ಸೆಕೆಂಡಿಗೆ 130ರಿಂದ 150 ಕಿಲೋಬಿಟ್‌ಗೆ ಇಳಿಸಿದರು. ಅಕ್ಷರ ಬರುತ್ತದೆ, ಚಿತ್ರ ಬರಲು ಹೆಣಗುತ್ತದೆ, ವಿಡಿಯೋದ ಆಸೆ ಬಿಡಬೇಕು. ಇದರಲ್ಲಿ ಒಂದು ಎಡವಟ್ಟೂ ಆಯಿತು. ಟ್ವಿಟರ್‌ನ ಕಿರುಕೊಂಡಿ ‘ಟಿ’, ಒಂದು ಚುಕ್ಕಿ, ‘ಸಿ’, ‘ಒ’ ಇಷ್ಟೇ. ಈ ನಾಲ್ಕು ಚಿಹ್ನೆ ಹೆಸರಿನಲ್ಲಿ ಎಲ್ಲಿದ್ದರೂ ಹಿಡಿ ಎಂದು ನಿಯಮ ಬರೆದುಬಿಟ್ಟಿದ್ದರು. ಮೈಕ್ರೋಸಾಫ್ಟ್ ಮತ್ತು ರೆಡ್ಡಿಟ್ ಎರಡೂ ‘ಟಿ’ಯಲ್ಲಿ ಮುಗಿದು, ಚುಕ್ಕಿ ಬಂದು, ‘ಕಾಮ್’ ಶುರುವಾಗುವ ವಿಳಾಸಗಳು. ಟ್ವಿಟರ್ ಜೊತೆ ಅವೂ ತೆವಳಿದವು.

2024ರ ಹೊತ್ತಿಗೆ ಕೈ ಪಳಗಿತ್ತು. ಆ ಬೇಸಿಗೆಯಲ್ಲಿ ಯೂಟ್ಯೂಬ್ ನಿಧಾನವಾದಾಗ ಸರ್ಕಾರಿ ದೂರಸಂಪರ್ಕ ಕಂಪನಿ ರೊಸ್ತೆಲೆಕಾಮ್, ‘ಗೂಗಲ್ ತನ್ನ ಉಪಕರಣಗಳನ್ನು ನೋಡಿಕೊಳ್ಳುತ್ತಿಲ್ಲ, ಅವು ಸವೆದಿವೆ’ ಎಂದಿತು. ಮಾತಿನಲ್ಲಿ ಅರ್ಧ ಹುರುಳಿತ್ತು. ಜನಪ್ರಿಯ ವಿಡಿಯೋಗಳ ಪ್ರತಿ ಇಟ್ಟುಕೊಂಡು ಹತ್ತಿರದಿಂದಲೇ ಕೊಡುವ ಗೂಗಲ್‌ನ ಸರ್ವರ್‌ಗಳು ರಷ್ಯಾದ ಕಂಪನಿಗಳ ಒಳಗೇ ಇದ್ದವು, ಮತ್ತು ಯುದ್ಧದ ನಂತರ ಗೂಗಲ್ ಅಲ್ಲಿನ ವ್ಯವಹಾರವನ್ನು ಬಹುತೇಕ ಮಡಚಿತ್ತು. ಆದರೆ ಜುಲೈ 25ರಂದು ಸಂಸದ ಅಲೆಕ್ಸಾಂಡರ್ ಖಿನ್‌ಶ್ತೈನ್, ಕಂಪ್ಯೂಟರ್‌ಗಳಲ್ಲಿ ಯೂಟ್ಯೂಬ್ ವೇಗ ಆ ವಾರಾಂತ್ಯಕ್ಕೆ 40, ಮುಂದಿನ ವಾರ 70 ಪ್ರತಿಶತ ಇಳಿಯಲಿದೆ ಎಂದು ಮುಂಚಿತವಾಗಿಯೇ ಬರೆದರು. ಸವೆದ ಯಂತ್ರ ದಿನಾಂಕ ಹೇಳಿ ಕೆಡುವುದಿಲ್ಲ. ಗೂಗಲ್ ಕೂಡ, ನಮ್ಮ ಕಡೆಯ ಕೆಲಸದಿಂದಾಗಲೀ ದೋಷದಿಂದಾಗಲೀ ಇದು ಆಗುತ್ತಿಲ್ಲ ಎಂದಿತು.

ಯಾರು ಹೇಳುವುದು ನಿಜ ಎಂದು ಮನೆಯಲ್ಲೇ ಪರೀಕ್ಷಿಸುವ ದಾರಿ ಇತ್ತು, ರಷ್ಯಾದ ಸಾವಿರಾರು ಜನ ಅದನ್ನೇ ಮಾಡಿದರು. ಗುಡ್‌ಬೈಡಿಪಿಐ, ಜಪ್ರೆತ್ ಎಂಬ ಉಚಿತ ಸಾಧನಗಳು ಮೇಲೆ ಹೇಳಿದ ಮೊದಲ ಪೊಟ್ಟಣವನ್ನು, ತಾಣದ ಹೆಸರು ನಡುವೆ ಕತ್ತರಿಸುವಂತೆ, ಎರಡು ತುಂಡು ಮಾಡಿ ಕಳಿಸುತ್ತವೆ. ಸರ್ವರ್ ಅದನ್ನು ಜೋಡಿಸಿಕೊಂಡು ಓದುತ್ತದೆ. ಪೆಟ್ಟಿಗೆ ಆತುರದಲ್ಲಿ ಒಂದೊಂದು ತುಂಡನ್ನು ಬೇರೆಯಾಗಿ ನೋಡಿದರೆ ಹೆಸರು ಸಿಗುವುದಿಲ್ಲ. ಇಷ್ಟು ಮಾಡಿದ್ದೇ ತಡ ಯೂಟ್ಯೂಬ್ ಅದೇ ತಂತಿಯಲ್ಲಿ, ಅದೇ ಸರ್ವರ್‌ನಿಂದ, ಸರಾಗವಾಗಿ ಓಡಿತು. ಸರ್ವರ್ ನಿಜವಾಗಿ ಕೆಟ್ಟಿದ್ದರೆ ಪೊಟ್ಟಣ ಹರಿದರೆ ಸರಿಹೋಗುತ್ತಿತ್ತೇ?

ಇನ್ನೊಂದು ಉಪಾಯ ಪೆಟ್ಟಿಗೆ ಮನೆಗೆ ಹತ್ತಿರವಿರುವುದರ ಲಾಭ ಪಡೆಯುತ್ತದೆ. ಇಂಟರ್ನೆಟ್ಟಿನ ಪ್ರತಿ ಪೊಟ್ಟಣಕ್ಕೂ ಇಷ್ಟು ನಿಲ್ದಾಣ ದಾಟಬಹುದು ಎಂಬ ಆಯುಸ್ಸಿನ ಅಂಕಿ ಇರುತ್ತದೆ, ಒಂದೊಂದು ರೌಟರ್ ದಾಟಿದಾಗ ಅದು ಒಂದೊಂದು ಇಳಿಯುತ್ತದೆ. ಸಾಧುವಾದ ಯಾವುದೋ ತಾಣದ ಹೆಸರಿರುವ ಸುಳ್ಳು ಪೊಟ್ಟಣಕ್ಕೆ ನಾಲ್ಕೈದು ನಿಲ್ದಾಣದ ಆಯುಸ್ಸು ಮಾತ್ರ ಕೊಟ್ಟು ಮೊದಲು ಕಳಿಸಿದರೆ, ಎರಡನೆಯದೋ ಮೂರನೆಯದೋ ನಿಲ್ದಾಣದಲ್ಲಿ ಕೂತ ಪೆಟ್ಟಿಗೆ ಅದನ್ನು ನಂಬಿ ಬಿಟ್ಟುಬಿಡುತ್ತದೆ. ಪೊಟ್ಟಣ ಸರ್ವರ್ ತಲುಪುವ ಮುನ್ನವೇ ಸಾಯುತ್ತದೆ. ಹಿಂದೆ ಬರುವ ಅಸಲಿ ಪೊಟ್ಟಣ ದಾಟಿಕೊಳ್ಳುತ್ತದೆ. ಈ ತಂತ್ರಗಳು ಯಾವುವೂ ಶಾಶ್ವತವಲ್ಲ. ಪೆಟ್ಟಿಗೆಯ ಸಾಫ್ಟ್‌ವೇರ್ ಬದಲಾದಾಗ ಅಂಕಿಗಳನ್ನು ಮತ್ತೆ ಹೊಂದಿಸಬೇಕು, ಊರಿಂದ ಊರಿಗೆ ಅವು ಬೇರೆ.

ಬಳಕೆದಾರನ ದತ್ತಾಂಶವನ್ನು ಗೂಢಲಿಪಿಯ ಸುರಂಗದಲ್ಲಿ ಬೇರೆಡೆಯ ಸರ್ವರ್‌ಗೆ ಒಯ್ಯುವ ವಿಪಿಎನ್‌ಗಳ ಪಾಡೂ ಇದೇ. ಹೆಸರಾಂತ ವೈರ್‌ಗಾರ್ಡ್ ಗೂಢಲಿಪಿಯಲ್ಲಿ ಗಟ್ಟಿ, ವೇಷ ಮರೆಸುವುದರಲ್ಲಿ ಅಲ್ಲ. ಅದರ ಮೊದಲ ಸಂದೇಶ ಯಾವಾಗಲೂ ಸರಿಯಾಗಿ 148 ಬೈಟ್, ಆರಂಭದ ನಾಲ್ಕು ಬೈಟ್ ಯಾವಾಗಲೂ 1, 0, 0, 0. ಒಳಗಿರುವುದು ಓದಲು ಬಾರದಿದ್ದರೂ ಇದು ವೈರ್‌ಗಾರ್ಡ್ ಎಂದು ಗುರುತಿಸಲು ಇಷ್ಟು ಧಾರಾಳ. ರಷ್ಯನ್ನರ ಅಮ್ನೇಜಿಯಾ ಎಂಬ ವಿಪಿಎನ್ ಈ ಗುರುತುಗಳನ್ನು ಕದಡಿ, ಮುಂದೆ ಕೆಲವು ಕಸದ ಪೊಟ್ಟಣ ಎಸೆದು ಹೋಗುತ್ತದೆ. ಚೀನಾದ ಬಳಕೆದಾರರ ಅನುಭವದಲ್ಲಿ ಹುಟ್ಟಿದ ‘ರಿಯಾಲಿಟಿ’ ಎಂಬ ವಿಧಾನ ಇನ್ನೂ ಜಾಣತನದ್ದು. ಅದು ನಿಜವಾದ ಯಾವುದೋ ದೊಡ್ಡ ತಾಣದ ಕೈಕುಲುಕನ್ನು, ಅಂದರೆ ಸಂಪರ್ಕ ಶುರುವಾಗುವಾಗಿನ ಪರಿಚಯದ ಮಾತುಕತೆಯನ್ನು, ಎರವಲು ಪಡೆಯುತ್ತದೆ. ಅನುಮಾನ ಬಂದು ಸೆನ್ಸಾರಿನವರು ತಾವೇ ಆ ಸರ್ವರನ್ನು ತಟ್ಟಿದರೆ ಎದುರಿಗೆ ಅಸಲಿ ತಾಣವೇ ಬರುತ್ತದೆ. ಬೀಜಿಂಗ್‌ಗಾಗಿ ಮಾಡಿದ ಔಷಧಿ ಮಾಸ್ಕೋದ ರೋಗಕ್ಕೆ ಕೆಲಸಕ್ಕೆ ಬಂದಿದೆ.

ಇನ್ನು ಹೊರಗಿನ ಚಿಲಕ.

2022ರ ಫೆಬ್ರವರಿ 28ರಂದು ಉಕ್ರೇನಿನ ಸಚಿವ ಮಿಖಾಯ್ಲೊ ಫೆದೊರೊವ್, ಡೊಮೈನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್‌ಗೆ ಪತ್ರ ಬರೆದು, ರಷ್ಯಾದ ‘ಡಾಟ್ ಆರ್‌ಯು’ ವಲಯವನ್ನೇ ರದ್ದುಮಾಡಿ ಎಂದರು. ಬಾಂಬ್ ಬೀಳುತ್ತಿದ್ದ ದೇಶದ ಮಂತ್ರಿ ಹಾಗೆ ಕೇಳಿದ್ದರಲ್ಲಿ ತಪ್ಪು ಹುಡುಕಲಾಗದು. ಎರಡೇ ದಿನದಲ್ಲಿ ಐಕ್ಯಾನ್ ಮುಖ್ಯಸ್ಥ ಯೊರಾನ್ ಮಾರ್ಬಿ ಆಗದು ಎಂದರು. ಅವರು ಒಪ್ಪಿದ್ದರೆ ಏನಾಗುತ್ತಿತ್ತು? ಕ್ರೆಮ್ಲಿನ್ ಜೊತೆಗೆ ಯುದ್ಧವಿರೋಧಿಗಳ ಇಮೇಲ್, ಆಸ್ಪತ್ರೆಯ ವೆಬ್‌ಸೈಟ್ ಎಲ್ಲ ಅಳಿಯುತ್ತಿದ್ದವು. ‘ಪಶ್ಚಿಮದವರು ನಮ್ಮ ಇಂಟರ್ನೆಟ್ ಕಡಿಯುತ್ತಾರೆ, ಅದಕ್ಕೇ ಸಾರ್ವಭೌಮ ಜಾಲ ಬೇಕು’ ಎಂದು 2019ರಲ್ಲಿ ಮಾಸ್ಕೋ ಕೊಟ್ಟ ನೆಪವೂ ನಿಜವಾಗುತ್ತಿತ್ತು. ಆ ಗಡಿಬಿಡಿಯ ದಿನಗಳಲ್ಲಿ ಬಂದ ಅತ್ಯಂತ ವಿವೇಕದ ವಿದೇಶಿ ಪ್ರತಿಕ್ರಿಯೆ ಆ ನಿರಾಕರಣೆ ಎಂದೇ ನನಗನಿಸುತ್ತದೆ.

ಎಲ್ಲರಿಗೂ ಆ ಸಹನೆ ಇರಲಿಲ್ಲ. ಖಂಡಗಳ ನಡುವೆ ದತ್ತಾಂಶ ಸಾಗಿಸುವ ಅಮೆರಿಕದ ಕೋಜೆಂಟ್ ಮಾರ್ಚ್ 4ರಂದು ರಷ್ಯಾದ ಗ್ರಾಹಕರ ಸಂಪರ್ಕ ಕಡಿಯಿತು, ಕೆಲ ದಿನದಲ್ಲಿ ಅಂಥದೇ ಇನ್ನೊಂದು ಕಂಪನಿ ಲುಮೆನ್ ಹಿಂಬಾಲಿಸಿತು. ತಮ್ಮ ತಂತಿ ಸೈಬರ್ ದಾಳಿಗೆ ಬಳಕೆಯಾದೀತು ಎಂಬುದು ಕೋಜೆಂಟ್ ಕೊಟ್ಟ ಕಾರಣ. ಅದೇ ಮಾರ್ಚ್ 4ರಂದು ರಷ್ಯಾ ಫೇಸ್‌ಬುಕ್ ನಿಷೇಧಿಸಿತು. ಒಂದೇ ದಿನ, ಎರಡು ಕಡೆಯಿಂದ. ರಷ್ಯಾಕ್ಕೆ ಬೇರೆ ದಾರಿಗಳಿದ್ದವು, ಹಾಗಾಗಿ ಜಾಲವೇನೂ ಕುಸಿಯಲಿಲ್ಲ. ಹೊರಗಿನ ಕೊಂಡಿಗಳು ಮಾತ್ರ ಕಡಿಮೆಯಾದವು, ಅವು ಕಡಿಮೆಯಾದಷ್ಟೂ ಕಾಯುವವನ ಕೆಲಸ ಹಗುರ.

ಇದಕ್ಕಿಂತ ಆಳವಾದ ಪೆಟ್ಟು ಕೊಟ್ಟದ್ದು ಯಾರ ಗಮನಕ್ಕೂ ಬಾರದ ಪ್ರಮಾಣಪತ್ರದ ವಿಷಯ. ಬ್ರೌಸರಿನಲ್ಲಿ ಬೀಗದ ಗುರುತು ಮೂಡಬೇಕಾದರೆ ತಾಣವು ಮಾನ್ಯತೆ ಪಡೆದ ಸಂಸ್ಥೆಯೊಂದರಿಂದ ಪ್ರಮಾಣಪತ್ರ ಪಡೆದಿರಬೇಕು. ನಿರ್ಬಂಧಗಳು ಬಂದ ಮೇಲೆ ರಷ್ಯಾದ ಬ್ಯಾಂಕು, ಕಂಪನಿಗಳಿಗೆ ಹಣ ಕಟ್ಟಿ ನವೀಕರಿಸುವ ದಾರಿ ಮುಚ್ಚಿತು. ಸರ್ಕಾರ ಇದಕ್ಕೇ ಕಾದಿತ್ತೇನೋ ಎಂಬಂತೆ, 2022ರ ಮಾರ್ಚ್‌ನಲ್ಲೇ ತನ್ನದೇ ಮೂಲ ಪ್ರಮಾಣಪತ್ರ ತಂದು ‘ಇದನ್ನು ಹಾಕಿಕೊಳ್ಳಿ, ಇಲ್ಲವೇ ನಮ್ಮ ದೇಶದ ಯಾಂಡೆಕ್ಸ್ ಬ್ರೌಸರ್ ಬಳಸಿ’ ಎಂದಿತು. ದೇಶದ ಅತಿ ದೊಡ್ಡ ಬ್ಯಾಂಕ್ ಸ್ಬೆರ್‌ಬ್ಯಾಂಕ್ ಆ ವರ್ಷವೇ ಅದಕ್ಕೆ ಬದಲಾಯಿತು. ಮೂಲ ಪ್ರಮಾಣಪತ್ರ ಯಾರ ಕೈಲಿದೆಯೋ ಅವರು ಯಾವ ತಾಣದ ಹೆಸರಿಗಾದರೂ ನಕಲಿ ಪತ್ರ ಬರೆಯಬಹುದು, ಅದನ್ನು ನಂಬುವ ಬ್ರೌಸರ್ ಎಚ್ಚರಿಸುವುದಿಲ್ಲ. ಹಾಗೆ ಬಳಸಿದ್ದಾರೆ ಎಂದಲ್ಲ, ಬಳಸುವ ಸಾಧನ ಈಗ ಕೋಟ್ಯಂತರ ಯಂತ್ರಗಳಲ್ಲಿ ಸಿದ್ಧವಿದೆ. 2019ರಲ್ಲಿ ಕಜಕಸ್ತಾನ್ ಸರ್ಕಾರ ಇಂಥದೇ ಪತ್ರವನ್ನು ಜನರ ಮೇಲೆ ಹೇರಿದಾಗ ಗೂಗಲ್, ಮೊಜಿಲ್ಲಾ, ಆಪಲ್ ಮೂರೂ ತಮ್ಮ ಬ್ರೌಸರ್‌ಗಳಲ್ಲಿ ಅದನ್ನು ಅಮಾನ್ಯ ಮಾಡಿದವು. ರಷ್ಯಾದ ವಿಷಯದಲ್ಲಿ ಜನ ತಾವಾಗಿಯೇ ಹಾಕಿಕೊಳ್ಳುವ ಅನಿವಾರ್ಯವನ್ನು ಹೊರಗಿನವರೇ ಸೃಷ್ಟಿಸಿದ್ದರು.

ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯಾದಿಂದ ಹೊರನಡೆದದ್ದರಿಂದ ಒಳ್ಳೆಯ ವಿಪಿಎನ್‌ಗೆ ಹಣ ಕಟ್ಟುವುದೂ ಕಷ್ಟವಾಯಿತು. ಬಳಕೆದಾರರ ಮಾಹಿತಿ ಮಾರಿ ಬದುಕುವ ಉಚಿತ ವಿಪಿಎನ್‌ಗಳಿಗೆ ಇದರಿಂದ ಸುಗ್ಗಿ. ಅಮೆರಿಕದ ಖಜಾನೆ ಇಲಾಖೆ 2022ರ ಏಪ್ರಿಲ್ 7ರಂದು 25ನೇ ಸಂಖ್ಯೆಯ ಸಾಮಾನ್ಯ ಪರವಾನಗಿ ಹೊರಡಿಸಿ, ಇಂಟರ್ನೆಟ್ ಸಂವಹನ ಸೇವೆಗಳಿಗೆ ನಿರ್ಬಂಧದಿಂದ ವಿನಾಯಿತಿ ಕೊಟ್ಟಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಂಪನಿಯ ವಕೀಲರು ವಿನಾಯಿತಿಯ ಸಾಲು ಸಾಲು ಓದುತ್ತಾ ಕೂರುವುದಿಲ್ಲ. ರಷ್ಯಾ ಎಂಬ ಪದ ಕಂಡರೆ ಬೇಡ ಎನ್ನುವುದು ಅವರಿಗೆ ಸುರಕ್ಷಿತ.

ಯುರೋಪಿಯನ್ ಒಕ್ಕೂಟದ್ದು ಬೇರೆ ಬಗೆಯ ಗೋಜಲು. 2022ರ ಮಾರ್ಚ್ 2ರಂದು ಅದು ಆರ್‌ಟಿ ಮತ್ತು ಸ್ಪುಟ್ನಿಕ್ ವಾಹಿನಿಗಳನ್ನು ನಿಷೇಧಿಸಿತು. ಯುದ್ಧದ ಪ್ರಚಾರಯಂತ್ರಗಳು ಅವು ಎಂಬುದು ಸರಿಯೇ. ಅವುಗಳ ವೆಬ್‌ಸೈಟ್ ತಡೆಯುವ ಕೆಲಸವನ್ನು ಯುರೋಪಿನ ಇಂಟರ್ನೆಟ್ ಕಂಪನಿಗಳಿಗೆ ವಹಿಸಿದ ಮೇಲೆ, ‘ನೀವೂ ಮಾಡುತ್ತೀರಲ್ಲ’ ಎಂಬ ಮಾತಿಗೆ ಉತ್ತರ ಕೊಡುವುದು ಕಷ್ಟವಾಯಿತು. 2024ರಲ್ಲಿ ಒಕ್ಕೂಟ ಇನ್ನೂ ನಾಲ್ಕು ಸಂಸ್ಥೆಗಳನ್ನು ಸೇರಿಸಿದಾಗ ಮಾಸ್ಕೋ ಜೂನ್ 25ರಂದು ಯುರೋಪಿನ 81 ಮಾಧ್ಯಮಗಳನ್ನು ಒಟ್ಟಿಗೆ ತಡೆಯಿತು. ನಾಲ್ಕಕ್ಕೆ 81. ಲೆಕ್ಕ ಸಮವಾಗಬೇಕು ಎಂಬ ಹಟ ಅವರಿಗಿರಲಿಲ್ಲ, ನೆಪ ಸಾಕಿತ್ತು.

ಕಂಪನಿಗಳಲ್ಲಿ ಆಪಲ್‌ನ ನಡೆ ಸದಾ ಒಂದೇ. 2021ರ ಸೆಪ್ಟೆಂಬರ್ 17ರಂದು, ಸಂಸತ್ ಚುನಾವಣೆಯ ಮತದಾನ ಶುರುವಾದ ದಿನವೇ, ಆಪಲ್ ಮತ್ತು ಗೂಗಲ್ ಪುಟಿನ್ ವಿರೋಧಿ ನಾಯಕ ನವಾಲ್ನಿ ಬಣದ ಮತದಾರರ ಆ್ಯಪ್ ತೆಗೆದುಹಾಕಿದವು. 2024ರ ಜುಲೈನಲ್ಲಿ ರೊಸ್ಕೊಮ್‌ನಾದ್ಸೊರ್ ಕೇಳಿದ ಮೇಲೆ ಆಪಲ್ ಹಲವು ವಿಪಿಎನ್ ಆ್ಯಪ್‌ಗಳನ್ನು ರಷ್ಯಾದ ಅಂಗಡಿಯಿಂದ ಇಳಿಸಿತು. ಐಫೋನ್‌ನಲ್ಲಿ ಬೇರೆ ಅಂಗಡಿ ಇಲ್ಲದ್ದರಿಂದ ಪೆಟ್ಟಿಗೆಯಿಂದ ಆಗದ ಕೆಲಸ ಒಂದು ಪತ್ರದಿಂದ ಆಯಿತು. ಅದಕ್ಕೂ ಮೊದಲು, ಜೂನ್‌ನಲ್ಲಿ, ಮೊಜಿಲ್ಲಾ ಕೂಡ ಸೆನ್ಸಾರ್ ದಾಟಿಸುವ ಕೆಲವು ಫೈರ್‌ಫಾಕ್ಸ್ ವಿಸ್ತರಣೆಗಳನ್ನು ರಷ್ಯಾದಲ್ಲಿ ಮರೆಮಾಡಿ, ಗಲಾಟೆ ಎದ್ದ ಮೇಲೆ ವಾರದೊಳಗೆ ಮರಳಿ ಇಟ್ಟಿತು.

ಸೆನ್ಸಾರ್ ದಾಟಿಸುವ ಸಾಧನಗಳಿಗೆ ಹಣ ಎಲ್ಲಿಂದ? ಹಲವಕ್ಕೆ ಅಮೆರಿಕ ಸರ್ಕಾರದ ಅನುದಾನದಲ್ಲಿ ನಡೆಯುವ ಓಪನ್ ಟೆಕ್ನಾಲಜಿ ಫಂಡ್‌ನಿಂದ. 2025ರ ಮಾರ್ಚ್‌ನಲ್ಲಿ ಟ್ರಂಪ್ ಆಡಳಿತ ಆ ಅನುದಾನವನ್ನೇ ರದ್ದುಮಾಡಲು ಹೊರಟು, ಸಂಸ್ಥೆ ಕೋರ್ಟಿಗೆ ಹೋಗಬೇಕಾಯಿತು. ಅತ್ತ ರಷ್ಯಾ ತನ್ನ ಪೆಟ್ಟಿಗೆಗಳ ಹೊಸ ಆವೃತ್ತಿಗೆ ಐದು ವರ್ಷಕ್ಕೆ ಸುಮಾರು 6,000 ಕೋಟಿ ರೂಬಲ್ ಎತ್ತಿಟ್ಟ ಸುದ್ದಿ 2024ರಲ್ಲೇ ಹೊರಬಿದ್ದಿತ್ತು.

ಕರ್ನಾಟಕದಿಂದ ರಷ್ಯಾಕ್ಕೆ ಎಂಬಿಬಿಎಸ್ ಓದಲು ಹೋದವರ ಮನೆಯವರಿಗೆ ಇದರ ಬಿಸಿ ತಟ್ಟಿದ್ದು 2025ರ ಆಗಸ್ಟ್‌ನಲ್ಲಿ, ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಕರೆಗಳಿಗೆ ತಡೆ ಬಿದ್ದಾಗ. ಸೆಪ್ಟೆಂಬರ್ 1ರಿಂದ ರಷ್ಯಾದಲ್ಲಿ ಮಾರುವ ಪ್ರತಿ ಫೋನಿನಲ್ಲೂ ಸರ್ಕಾರದ ಬೆಂಬಲದ ‘ಮ್ಯಾಕ್ಸ್’ ಎಂಬ ಸಂದೇಶದ ಆ್ಯಪ್ ಮೊದಲೇ ಕೂತಿರಬೇಕು. ಹೊಸದಾಗಿ ಹೋಗುವವರು ತಿಳಿದಿರಬೇಕಾದ್ದು ಇನ್ನೂ ಇದೆ. ಅಕ್ಟೋಬರ್ 6ರಿಂದ ವಿದೇಶಿ ಸಿಮ್ ರಷ್ಯಾದ ಜಾಲಕ್ಕೆ ಸೇರಿದ ಮೊದಲ 24 ಗಂಟೆ ಮೊಬೈಲ್ ಡೇಟಾ ಮತ್ತು ಎಸ್‌ಎಂಎಸ್ ಬಂದ್, ಡ್ರೋನ್‌ಗಳಲ್ಲಿ ಬಳಸದಂತೆ ಎಂಬುದು ಕಾರಣ. ರೋಮಿಂಗ್ ಪ್ಯಾಕ್ ಹಾಕಿಸಿಕೊಂಡೇ ಇಳಿದರೂ ಓಟಿಪಿ ಬಾರದು. ಸಾರ್ವಜನಿಕ ವೈಫೈಗೂ ಫೋನ್ ನಂಬರಿನ ದೃಢೀಕರಣ ಬೇಕು. ಭಾರತದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ನಡೆಯುವುದಿಲ್ಲ. ಹಾಸ್ಟೆಲ್ ವಿಳಾಸ ರಷ್ಯನ್ ಲಿಪಿಯಲ್ಲಿ ಮುದ್ರಿಸಿಟ್ಟುಕೊಂಡು, ನಕ್ಷೆ ಫೋನಿಗೆ ಇಳಿಸಿಕೊಂಡು, ನಗದು ಹಿಡಿದು, ‘ಒಂದು ದಿನ ಸುದ್ದಿ ಬರದಿದ್ದರೆ ಗಾಬರಿಯಾಗಬೇಡಿ’ ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು. ಅಲ್ಲಿನ ಸಿಮ್ ಪಡೆಯಲು ವಿದೇಶಿಯರು ಬಯೋಮೆಟ್ರಿಕ್ ಕೊಡಬೇಕು, ಅದಕ್ಕೆ ದಿನಗಳೇ ಹಿಡಿಯುತ್ತವೆ.

ಮುಂದಿನ ಹಂತ ಈಗಾಗಲೇ ಶುರುವಾಗಿದೆ. 2025ರ ಮೇಯಿಂದ ಉಕ್ರೇನಿನ ಡ್ರೋನ್ ಭಯಕ್ಕೆ ಪ್ರಾಂತ್ಯಗಟ್ಟಲೆ ಮೊಬೈಲ್ ಇಂಟರ್ನೆಟ್ ನಿಲ್ಲಿಸುವುದು ಮಾಮೂಲಾಯಿತು. ಡ್ರೋನ್‌ಗಳು ಮೊಬೈಲ್ ಜಾಲ ಬಳಸುತ್ತವೆ ಎಂಬುದು ನಿಜವಾದರೂ, ಟ್ಯಾಕ್ಸಿ, ಎಟಿಎಂ, ಅಂಗಡಿಯ ಕಾರ್ಡ್ ಯಂತ್ರ ಎಲ್ಲ ನಿಂತು ಜನ ರೋಸಿದರು. ಪರಿಹಾರವೆಂದು ಸೆಪ್ಟೆಂಬರ್‌ನಲ್ಲಿ ಬಂದದ್ದು ‘ಬಿಳಿ ಪಟ್ಟಿ’: ಇಂಟರ್ನೆಟ್ ನಿಂತಾಗಲೂ ನಡೆಯುವ ಸರ್ಕಾರಿ ಸೇವೆ, ಯಾಂಡೆಕ್ಸ್, ರಷ್ಯಾದ ಸಾಮಾಜಿಕ ಜಾಲತಾಣ ವಿಕೆ, ಮ್ಯಾಕ್ಸ್, ಕೆಲವು ಮಾರಾಟ ತಾಣ. ತಡೆದದ್ದನ್ನು ಬಿಟ್ಟು ಉಳಿದೆಲ್ಲಕ್ಕೂ ದಾರಿ ಎಂಬ ನಿಯಮ ತಲೆಕೆಳಗಾಗಿ, ಬಿಟ್ಟದ್ದನ್ನು ಹೊರತು ಉಳಿದೆಲ್ಲಕ್ಕೂ ತಡೆ ಎಂದಾಗುತ್ತದೆ.

ಪೊಟ್ಟಣ ತುಂಡು ಮಾಡುವುದು, ಸುಳ್ಳು ಪೊಟ್ಟಣ, ಎರವಲು ಕೈಕುಲುಕು ಎಲ್ಲವೂ ಹಳೆಯ ನಿಯಮಕ್ಕೆ ಹೆಣೆದವು. ಬಿಳಿ ಪಟ್ಟಿಯಲ್ಲಿ ಪರದೇಶದ ಸರ್ವರಿನ ವಿಳಾಸವೇ ಇಲ್ಲದಿದ್ದರೆ ವೇಷ ಎಷ್ಟೇ ಚೆನ್ನಾಗಿದ್ದರೂ ಹೊಸ್ತಿಲು ದಾಟಲಾಗದು. ಉಳಿಯುವ ಒಂದೇ ದಾರಿ, ಪಟ್ಟಿಯೊಳಗಿನ ವಿಳಾಸ ಇರುವ ರಷ್ಯಾದ ಕ್ಲೌಡ್‌ನಲ್ಲೇ ಒಂದು ಯಂತ್ರ ಬಾಡಿಗೆ ಹಿಡಿದು, ಅಲ್ಲಿಂದ ಹೊರಗೆ ಸುರಂಗ ತೋಡುವುದು. 2023ರ ಡಿಸೆಂಬರ್‌ನಲ್ಲಿ ಜಾರಿಯಾದ ಕಾನೂನಿನ ಪ್ರಕಾರ ಅಂಥ ಯಂತ್ರ ಬಾಡಿಗೆ ಕೊಡುವ ಪ್ರತಿ ಕಂಪನಿಯೂ ರೊಸ್ಕೊಮ್‌ನಾದ್ಸೊರ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಬಾಡಿಗೆದಾರ ಯಾರೆಂದು ಗುರುತು ಹಿಡಿದೇ ಕೊಡಬೇಕು.